ಈರುಳ್ಳಿ ಕಾಲದಲ್ಲಿ ವೆಬ್‌ಸೈಟ್ ನಿಲ್ಲದ ಹಾಗೆ ಲೇಖನಗಳನ್ನು ಮೊದಲೇ ಶೆಡ್ಯೂಲ್ ಮಾಡಿಡುವುದು ಹೇಗೆ?

ಈರುಳ್ಳಿ ಹೊಲ, ಚಳ್ಳಕೆರೆ ಕಡೆ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ನೋಡುವಂಥ ಜಾಗಗಳ ಬಗ್ಗೆ ಒಂದು ಸಣ್ಣ ಕನ್ನಡ ವೆಬ್‌ಸೈಟ್ ನಡೆಸುತ್ತೇನೆ. ಕೋಟೆ, ಚಂದ್ರವಳ್ಳಿ, ಬ್ರಹ್ಮಗಿರಿ, ಮಾರಿಕಣಿವೆ, ಆ ಕಡೆ ಸಂತೇಬೆನ್ನೂರಿನ ಪುಷ್ಕರಣಿ, ಹರಿಹರೇಶ್ವರನ ಗುಡಿ, ಹೀಗೆ. ಓದುವವರು ಕಡಿಮೆ. ಆದರೆ ಓದುವವರು ಬಿಡದೆ ಓದುತ್ತಾರೆ. ವಾರಕ್ಕೊಂದು ಲೇಖನ ಅಂತ ರೂಢಿಯಾಗಿದೆ. ಪಕ್ಕದಲ್ಲಿ ಈರುಳ್ಳಿ, ಶೇಂಗಾ, ಮೆಕ್ಕೆಜೋಳದ ಧಾರಣೆಯನ್ನೂ ಹಾಕುತ್ತೇನೆ.

ಕಷ್ಟ ಬರುವುದು ಈರುಳ್ಳಿ ಕೀಳುವ ಕಾಲಕ್ಕೆ. ಕಿತ್ತು, ಒಣಗಿಸಿ, ಕೊಯ್ದು, ಚೀಲ ತುಂಬಿ, ಲಾರಿ ಜೊತೆ ಯಶವಂತಪುರಕ್ಕೆ ಹೋಗಿ ಬರುವಷ್ಟರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮುಗಿದೇ ಹೋಗುತ್ತೆ. ಸೈಟ್ ಹಾಗೇ ಬಿದ್ದಿರುತ್ತೆ. ಈ ಸಲ ಈಗಲೇ ಬರೆದು ಶೆಡ್ಯೂಲ್ ಮಾಡಿಟ್ಟುಬಿಡೋಣ ಅಂತಿದ್ದೇನೆ. ಸೈಟ್ ಇರುವುದು ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ) ನನ್ನದೇ.

ಕೇಳಬೇಕಾದ್ದು: ಆ ಹೊತ್ತಿಗೆ ನನ್ನ ಕಂಪ್ಯೂಟರ್ ಆನ್ ಇರಬೇಕಾ? ನಮ್ಮೂರಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಇನ್ನೊಂದು, ಪರೀಕ್ಷೆಗೆ ಅಂತ ಒಂದನ್ನು ಬೆಳಿಗ್ಗೆ 6ಕ್ಕೆ ಇಟ್ಟಿದ್ದೆ. ಅದು ಬಂದಿದ್ದು 11.30ಕ್ಕೆ. ಯಾಕೆ?

ಪಿ.ಬಿ. ರೋಡ್, ದಾವಣಗೆರೆ

ಕಂಪ್ಯೂಟರ್ ಆರಿಸಿ ಹೊಲಕ್ಕೆ ಹೋಗಿ ಸಾರ್. ಲೇಖನ ಕೂತಿರುವುದು ಸರ್ವರ್‌ನಲ್ಲಿ, ಹೊರಗೆ ಬಿಡುವುದೂ ಅದೇ.

11.30ರ ಕಥೆ ಸುಲಭ. 6ಕ್ಕೂ 11.30ಕ್ಕೂ ನಡುವೆ ಎಷ್ಟು? ಐದೂವರೆ ಗಂಟೆ. ನಿಮ್ಮ ಸೈಟ್ ನಮಗಿಂತ ಅಷ್ಟೇ ಹಿಂದಿರುವ ಗ್ರೀನ್‌ವಿಚ್ ಹೊತ್ತಿನಲ್ಲಿ (ಯುಟಿಸಿ) ಓಡುತ್ತಿದೆ. ಹೊಸದಾಗಿ ಹಾಕಿದ ವರ್ಡ್‌ಪ್ರೆಸ್‌ನಲ್ಲಿ ಸಾಮಾನ್ಯವಾಗಿ ಯುಟಿಸಿ ಅಂತಲೇ ಇರುತ್ತೆ. ಸೆಟ್ಟಿಂಗ್ಸ್‌ಗೆ ಹೋಗಿ, ಜನರಲ್ ಒತ್ತಿ, ಟೈಮ್‌ಝೋನ್ ಪಟ್ಟಿಯಲ್ಲಿ ಕೋಲ್ಕತಾ ಆರಿಸಿ ಸೇವ್ ಮಾಡಿ. ಬೆಂಗಳೂರು ಅಂತ ಹುಡುಕಬೇಡಿ, ಸಿಗಲ್ಲ. ಈಗಾಗಲೇ ಶೆಡ್ಯೂಲ್ ಮಾಡಿದ್ದು ಏನಾದರೂ ಇದ್ದರೆ ಒಂದೊಂದೇ ತೆರೆದು ಸಮಯ ಸರಿ ಇದೆಯಾ ನೋಡಿ.

ಶೆಡ್ಯೂಲ್ ಮಾಡುವುದು ಗೊತ್ತೇ ಇರಬೇಕು. ಬರೆದಾದ ಮೇಲೆ ಪಬ್ಲಿಷ್ ಅನ್ನುವ ಸಾಲಿನಲ್ಲಿ ಮುಂದಿನ ದಿನಾಂಕ, ಸಮಯ ಕೊಟ್ಟರೆ ನೀಲಿ ಗುಂಡಿಯ ಮೇಲೆ ಶೆಡ್ಯೂಲ್ ಅಂತ ಬರುತ್ತೆ. ಒತ್ತಿದರೆ ಆಯಿತು. ಎಎಂ, ಪಿಎಂ ಮಾತ್ರ ನೋಡಿಕೊಳ್ಳಿ. 12 ಎಎಂ ನಡುರಾತ್ರಿ, ಮಧ್ಯಾಹ್ನ ಅಲ್ಲ. ಅಕಸ್ಮಾತ್ ಹಿಂದಿನ ದಿನಾಂಕ ಕೊಟ್ಟರೆ ಕಾಯುವುದೇ ಇಲ್ಲ, ತಕ್ಷಣ ಹೊರಗೆ ಬಂದುಬಿಡುತ್ತೆ.

ಮಂಡಕ್ಕಿ ಮಿರ್ಚಿ

ಸುಲಭ ಅಂತೀರಲ್ಲ, ನಮ್ಮ ಅಂಗಡಿ ಸೈಟಿನಲ್ಲಿ ಟೈಮ್‌ಝೋನ್ ಕೋಲ್ಕತಾನೇ ಇದೆ ಕಣ್ರೀ. ಆದರೂ ಕೆಲವು ಸಲ ಹೇಳಿದ ಹೊತ್ತಿಗೆ ಬರಲ್ಲ. ಒಳಗೆ ಹೋಗಿ ನೋಡಿದರೆ ಕೆಂಪಕ್ಷರದಲ್ಲಿ ‘ಮಿಸ್ಡ್ ಶೆಡ್ಯೂಲ್’. ಬಸ್ಸು ತಪ್ಪಿಸಿಕೊಂಡವರ ಹಾಗೆ ಲೇಖನ ಅಲ್ಲೇ ನಿಂತಿರುತ್ತೆ. ಇದಕ್ಕೇನು ಮದ್ದು?

ಪಿ.ಬಿ. ರೋಡ್, ದಾವಣಗೆರೆ

ಒಳ್ಳೆ ಕಡೆ ಕೈ ಇಟ್ಟಿರಿ. ಚಳ್ಳಕೆರೆ ಸಾರ್ ಸೈಟಿಗೂ ಮುಂದೆ ಇದೇ ಕಾಡುತ್ತೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ವರ್ಡ್‌ಪ್ರೆಸ್ ಒಳಗೆ ನಿಜವಾದ ಅಲಾರಂ ಇಲ್ಲ. ಇರುವುದು ಡಬ್ಲ್ಯೂಪಿ ಕ್ರಾನ್ ಅನ್ನುವ ಒಂದು ಏರ್ಪಾಡು. ಯಾರಾದರೂ ಸೈಟಿನ ಪುಟ ತೆರೆದಾಗ ಅದು ಎಚ್ಚರಾಗುತ್ತೆ. ‘ಮಾಡಬೇಕಾದ ಕೆಲಸ ಏನಾದರೂ ಬಾಕಿ ಇದೆಯಾ’ ಅಂತ ಪಟ್ಟಿ ನೋಡುತ್ತೆ. ಇದ್ದರೆ ಮಾಡುತ್ತೆ. ಯಾರೂ ಬರದಿದ್ದರೆ ಎಚ್ಚರಾಗುವುದೇ ಇಲ್ಲ. ನೀವು 6 ಗಂಟೆ ಅಂದಿರಿ, ಮೊದಲ ಓದುಗ ಬಂದಿದ್ದು 8.40ಕ್ಕೆ. ಲೇಖನ ಹೊರಗೆ ಬರುವುದೂ 8.40ಕ್ಕೇ. ತಮಾಷೆ ಅಂದ್ರೆ ಆ ಮೊದಲ ಓದುಗನಿಗೆ ಅದು ಕಾಣದೇ ಇರಬಹುದು. ಅವನ ಪುಟ ತೆರೆಯುವಾಗ ಹಿಂದುಗಡೆ ಕೆಲಸ ಇನ್ನೂ ನಡೆಯುತ್ತಿರುತ್ತೆ. ದಿನಕ್ಕೆ ಸಾವಿರಾರು ಜನ ಬರುವ ಸೈಟ್‌ಗೆ ಇದು ಗೊತ್ತೂ ಆಗಲ್ಲ. ಗೂಗಲ್‌ನ ಬಾಟ್ (ಸೈಟುಗಳನ್ನು ತಾನಾಗಿ ನೋಡಿಕೊಂಡು ಹೋಗುವ ಪ್ರೋಗ್ರಾಂ) ಬಂದು ಪುಟ ತೆರೆದರೂ ನಡೆಯುತ್ತೆ. ನಮ್ಮಂಥ ಸಣ್ಣ ಸೈಟುಗಳಿಗೇ ಇದರ ಕಾಟ.

ಇದರ ಮೇಲೆ ಕ್ಯಾಶ್ ಪ್ಲಗಿನ್ ಬೇರೆ. ಪ್ಲಗಿನ್ ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್. ಸೈಟ್ ಬೇಗ ತೆರೆಯಲಿ ಅಂತ ಹಾಕಿರುತ್ತೇವೆ. ಅದು ಮೊದಲೇ ತಯಾರಾದ ಪುಟವನ್ನು ಓದುಗರ ಕೈಗೆ ಕೊಟ್ಟು ಕಳಿಸಿಬಿಡುತ್ತೆ, ಒಳಗಿನ ವರ್ಡ್‌ಪ್ರೆಸ್‌ಗೆ ಸುದ್ದಿಯೇ ಮುಟ್ಟಲ್ಲ. ಓದುಗರು ಬಂದರೂ ಕ್ರಾನ್ ಮಲಗಿರುತ್ತೆ. ಕೆಲವು ಸಲ ಉಲ್ಟಾ. ಲೇಖನ ಹೊರಗೆ ಬಂದಿರುತ್ತೆ, ಮುಖಪುಟದಲ್ಲಿ ಮಾತ್ರ ಹಳೆಯದೇ ಕಾಣುತ್ತೆ.

ಮದ್ದು ಇದು. ಹೋಸ್ಟಿಂಗ್ ನೋಡಿಕೊಳ್ಳುವ ಪುಟವಾದ ಸಿಪ್ಯಾನೆಲ್‌ನಲ್ಲಿ ‘ಕ್ರಾನ್ ಜಾಬ್ಸ್’ ಅಂತ ಇರುತ್ತೆ. ಅಲ್ಲಿ ನಿಮ್ಮ ಸೈಟಿನ ಕ್ರಾನ್ ಫೈಲನ್ನು 15 ನಿಮಿಷಕ್ಕೊಮ್ಮೆ ಕರೆಯುವಂತೆ ಒಂದು ಸಾಲು ಹಾಕಿ. ಇದು ಸರ್ವರ್‌ನ ಗಡಿಯಾರ, ಓದುಗರು ಬರಲಿ ಬಿಡಲಿ ನಡೆಯುತ್ತೆ. ಅದು ಓಡುತ್ತಿದೆ ಅಂತ ಖಾತ್ರಿಯಾದ ಮೇಲೆ ವರ್ಡ್‌ಪ್ರೆಸ್‌ನ ಮೂಲ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲ್‌ನಲ್ಲಿ, ಪುಟ ತೆರೆದಾಗ ಏಳುವ ಹಳೆ ಏರ್ಪಾಡನ್ನು ಆಫ್ ಮಾಡಬಹುದು. ಮೊದಲೇ ಆಫ್ ಮಾಡಿದರೆ ಎರಡೂ ಇಲ್ಲದಂಗಾಗುತ್ತೆ. ಸಾಲುಗಳು ವರ್ಡ್‌ಪ್ರೆಸ್‌ನ ಪ್ಲಗಿನ್ ಕೈಪಿಡಿಯ ಕ್ರಾನ್ ಅಧ್ಯಾಯದಲ್ಲಿ ಇದ್ದ ಹಾಗೇ ಸಿಗುತ್ತವೆ. ಕೈಯಲ್ಲಿ ಬರೆದು ಒಂದು ಚುಕ್ಕಿ ಹೆಚ್ಚುಕಮ್ಮಿ ಆದರೆ ಸೈಟೇ ಬಿಳಿಯಾಗುತ್ತೆ, ನಕಲು ಮಾಡಿ ಅಂಟಿಸಿ.

ಸಿಪ್ಯಾನೆಲ್ ಇಲ್ಲದವರಿಗೆ, ಹೇಳಿದ ಹೊತ್ತಿಗೆ ಒಂದು ವಿಳಾಸವನ್ನು ತೆರೆದು ಬರುವ ಉಚಿತ ಸೇವೆಗಳಿವೆ. ಅದೂ ನಡೆಯುತ್ತೆ.

ಮಿರ್ಚಿ ಸಾರ್, ನೀವು ಮೊದಲು ಟೂಲ್ಸ್‌ನಲ್ಲಿರುವ ಸೈಟ್ ಹೆಲ್ತ್ ನೋಡಿ. ‘ಲೂಪ್‌ಬ್ಯಾಕ್’ ತೊಂದರೆ ಅಂತ ತೋರಿಸಿದರೆ ಸೈಟ್ ತನ್ನನ್ನೇ ತಾನು ಕರೆಯುವುದನ್ನು ಯಾವುದೋ ಸೆಕ್ಯುರಿಟಿ ಪ್ಲಗಿನ್ ಅಥವಾ ಹೋಸ್ಟಿಂಗ್‌ನವರು ತಡೆದಿದ್ದಾರೆ ಅಂತ ಅರ್ಥ.

ಮಂಡಕ್ಕಿ ಮಿರ್ಚಿ

ಲೂಪ್‌ಬ್ಯಾಕ್ ಅಂತಲೇ ತೋರಿಸ್ತು ಅಕ್ಕ! ಸೆಕ್ಯುರಿಟಿ ಪ್ಲಗಿನ್ ಹಾಕಿಕೊಟ್ಟ ಹುಡುಗನನ್ನು ನಾಳೆ ಹಿಡೀತೀನಿ.

ಹಿರಿಯೂರು ಹಾದಿ

ತಾಂತ್ರಿಕ ವಿಷಯ ಆಯಿತು. ಎರಡು ತಿಂಗಳು ಮುಂಚೆ ಬರೆದಿಡುವಾಗ ಏನನ್ನು ಬರೆಯುತ್ತೀರಿ ಅನ್ನುವುದು ನನಗೆ ಅದಕ್ಕಿಂತ ದೊಡ್ಡದು.

ನಮ್ಮ ಮಾರಿಕಣಿವೆಯನ್ನೇ ತಗೊಳ್ಳಿ. ಅದೇ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಎಂಬತ್ತೊಂಬತ್ತು ವರ್ಷ ಬೀಳಲಿಲ್ಲ. ‘ಕೋಡಿ ಬಿದ್ದಿದ್ದು ಒಂದೇ ಸಲ, 1933ರಲ್ಲಿ’ ಅನ್ನುವ ಸಾಲು ಇಲ್ಲದ ಲೇಖನವೇ ಇರಲಿಲ್ಲ. ತಾತ ಹೇಳಿದ್ದು, ಮೇಷ್ಟ್ರು ಹೇಳಿದ್ದು, ಎಲ್ಲಾ ಅದೇ. 2022ರ ಆಗಸ್ಟ್‌ನಲ್ಲಿ ಯಾರಾದರೂ ಆ ಸಾಲು ಬರೆದು ಸೆಪ್ಟೆಂಬರ್‌ಗೆ ಶೆಡ್ಯೂಲ್ ಮಾಡಿದ್ದರು ಅಂದುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಅಣೆಕಟ್ಟೆ ತುಂಬಿ ಕೋಡಿ ಬಿತ್ತು. ಜನ ಬಸ್ಸು ಬೈಕು ಹಿಡಿದು ನೋಡಲು ಬರುತ್ತಿದ್ದರೆ ಸೈಟಿನಲ್ಲಿ ಇನ್ನೂ ‘ಒಂದೇ ಸಲ’. ಹೋಗಲಿ, ‘ಎರಡೇ ಸಲ’ ಅಂತ ತಿದ್ದಿಕೊಂಡರೆ 2025ರ ಜನವರಿಯಲ್ಲಿ ಮತ್ತೆ ಬಿತ್ತು.

ಹಾಗಂತ ಮಾರಿಕಣಿವೆ ಬಗ್ಗೆ ಬರೆಯಬೇಡಿ ಅಂತಲ್ಲ. ಬರೆಯುವ ರೀತಿ ಬದಲಾಗಬೇಕು. ‘1933ರಲ್ಲಿ ಮೊದಲ ಸಲ ಕೋಡಿ ಬಿತ್ತು’ ಅನ್ನುವುದು ಎಂದೂ ಸುಳ್ಳಾಗಲ್ಲ. ‘ಇದುವರೆಗೆ’, ‘ಈಗ’, ‘ಕಳೆದ ವಾರ’, ‘ಈ ವರ್ಷ’ ಅನ್ನುವ ಪದ ಇರುವ ಸಾಲುಗಳೆಲ್ಲ ಕ್ಯೂನಲ್ಲಿ, ಅಂದರೆ ಶೆಡ್ಯೂಲ್ ಆಗಿ ಕಾಯುತ್ತಿರುವ ಲೇಖನಗಳ ಸಾಲಿನಲ್ಲಿ, ಕೂತೇ ಹಳಸುತ್ತವೆ. ಶೆಡ್ಯೂಲ್ ಗುಂಡಿ ಒತ್ತುವ ಮೊದಲು ಈ ನಾಲ್ಕನ್ನು ಲೇಖನದಲ್ಲಿ ಹುಡುಕಿ ನೋಡಿ.

ಮಳೆ, ಒಳಹರಿವು, ಕೋಟೆಯ ಟಿಕೆಟ್ ದರ, ಬಸ್ಸಿನ ಹೊತ್ತು, ರಸ್ತೆ ಕೆಲಸ ನಡೀತಿದೆಯಾ ಅನ್ನುವುದು, ಇವನ್ನು ಮುಂಚೆ ಬರೆದಿಡಬೇಡಿ. ಮತ್ತೆ ಆ ಧಾರಣೆ ಪಟ್ಟಿ! ಅದನ್ನಂತೂ ದಯವಿಟ್ಟು ತೆಗೆದುಬಿಡಿ. ನಿನ್ನೆಯ ಈರುಳ್ಳಿ ದರ ಇವತ್ತಿಗೆ ಉಪಯೋಗವಿಲ್ಲ ಅಂತ ನಿಮಗೆ ನಾನು ಹೇಳಬೇಕಾ? ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ ಸೈಟಿನಲ್ಲಿ ಎಪಿಎಂಸಿವಾರು ದಿನದ ದರ ಸಿಗುತ್ತೆ, ಅದರ ಲಿಂಕ್ ಒಂದನ್ನು ಇಡಿ ಸಾಕು.

ಈರುಳ್ಳಿ ಹೊಲ, ಚಳ್ಳಕೆರೆ ಕಡೆ

ಅಕ್ಕ, ಟೈಮ್‌ಝೋನ್ ಸರಿಯಾಯಿತು. ಕ್ರಾನ್ ಸಾಲನ್ನೂ ಹಾಕಿದೆ.

ಹಿರಿಯೂರಣ್ಣ, ಧಾರಣೆ ಪಟ್ಟಿ ಇವತ್ತೇ ತೆಗೆದೆ. ಹಾಗಾದರೆ ಮುಂಚೆ ಬರೆದಿಡಲು ಏನು ಉಳಿಯಿತು?

ಹಿರಿಯೂರು ಹಾದಿ

ಏನು ಉಳಿಯಿತಾ! ಎರಡು ಜಿಲ್ಲೆ ಪೂರ್ತಿ ಉಳಿದಿದೆ.

ಮೊಳಕಾಲ್ಮುರು ತಾಲ್ಲೂಕಿನ ಅಶೋಕನ ಶಾಸನಗಳು ಎರಡು ಸಾವಿರ ವರ್ಷದ ಮೇಲಿಂದ ಅಲ್ಲೇ ಇವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರಕ್ಕೂ ಒಂದೊಂದು ಲೇಖನ ಆಗುತ್ತೆ. ಶಾಸನತಜ್ಞ ಬಿ.ಎಲ್. ರೈಸ್ ಅವನ್ನು 1892ರಲ್ಲಿ ಗುರುತಿಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿದರು. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ಹರಿಹರದ ಗುಡಿ ಕಟ್ಟಿಸಿದ್ದು ಹೊಯ್ಸಳರ ದಂಡನಾಯಕ ಪೋಲಾಳ್ವ, 1224ರಲ್ಲಿ. ಮೊಳಕಾಲ್ಮುರಿನ ರೇಷ್ಮೆ ಸೀರೆ, ಚಳ್ಳಕೆರೆ ಕಂಬಳಿ. ಇವು ಮುಂದಿನ ತಿಂಗಳು ಬಂದರೂ ಅಷ್ಟೇ, ಮುಂದಿನ ವರ್ಷ ಬಂದರೂ ಅಷ್ಟೇ.

ಡೈಲಿ ಅಪ್‌ಡೇಟ್

ವಾರಕ್ಕೊಂದು ಹಾಕಿದರೆ ಗೂಗಲ್ ಕ್ಯಾರೇ ಅನ್ನಲ್ಲ ಬ್ರೋ. ದಿನಾ ಒಂದು ಬರಬೇಕು. ಹಳೆ ಲೇಖನಗಳ ದಿನಾಂಕ ಬದಲಾಯಿಸಿ ಮತ್ತೆ ಶೆಡ್ಯೂಲ್ ಮಾಡಿ, ಹೊಸದು ಅಂತ ಮೇಲೆ ಬರುತ್ತೆ. ಎಲ್ಲರೂ ಮಾಡ್ತಾರೆ.

ಪಿ.ಬಿ. ರೋಡ್, ದಾವಣಗೆರೆ

ಬೇಡ ತಮ್ಮ. ಇದರಲ್ಲಿ ಎರಡು ತೊಂದರೆ ಇದೆ.

ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಇದನ್ನು ಎತ್ತಿ ಹೇಳಿದೆ. ವಿಷಯ ಹೆಚ್ಚೇನೂ ಬದಲಾಗದೆ ದಿನಾಂಕ ಮಾತ್ರ ಬದಲಿಸಿ ಹೊಸದಾಗಿ ಕಾಣುವಂತೆ ಮಾಡುತ್ತಿದ್ದೀರಾ ಅಂತ ಕೇಳುತ್ತೆ. ಸೈಟ್ ತಾಜಾ ಕಾಣಲಿ ಅಂತ ರಾಶಿ ರಾಶಿ ಹೊಸ ಪುಟ ಹಾಕಿದರೆ ಹುಡುಕಾಟದಲ್ಲಿ ಮೇಲೆ ಬರಲ್ಲ ಅಂತಲೂ ಅಲ್ಲೇ ಬರೆದಿದೆ.

ಎರಡನೆಯದು ಇನ್ನೂ ಕೆಟ್ಟದ್ದು. ಈಗಾಗಲೇ ಹೊರಗಿರುವ ಲೇಖನಕ್ಕೆ ಮುಂದಿನ ದಿನಾಂಕ ಕೊಟ್ಟರೆ ವರ್ಡ್‌ಪ್ರೆಸ್ ಅದನ್ನು ಶೆಡ್ಯೂಲ್ ಆದದ್ದು ಅಂತ ಲೆಕ್ಕ ಹಾಕಿ ಒಳಗೆ ಎಳೆದುಕೊಳ್ಳುತ್ತೆ. ಆ ದಿನ ಬರುವವರೆಗೆ ಓದುಗರಿಗೆ ಆ ಪುಟವೇ ಇಲ್ಲ. ಯಾರೋ ಲಿಂಕ್ ಉಳಿಸಿಕೊಂಡಿದ್ದವರಿಗೆ ‘ಪುಟ ಸಿಗಲಿಲ್ಲ’. ಹಳೆ ಲೇಖನ ತಿದ್ದಬೇಕಾದರೆ ದಿನಾಂಕ ಮುಟ್ಟದೆ ತಿದ್ದಿ, ಕೊನೆಗೆ ‘ಇಂಥ ದಿನ ತಿದ್ದಿದ್ದು’ ಅಂತ ಒಂದು ಸಾಲು ಹಾಕಿ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ನಾನು ನಿವೃತ್ತ ಮೇಷ್ಟ್ರು, ನಿಮ್ಮಷ್ಟು ಗೊತ್ತಿಲ್ಲ. ಆದರೂ ಕೇಳುತ್ತೇನೆ. ಎರಡು ತಿಂಗಳು ಸೈಟ್ ಸುಮ್ನಿದ್ದರೆ ಏನಾಗುತ್ತೆ? ರೈತ ಕೊಯ್ಲಿಗೆ ಹೋಗಿದ್ದಾನೆ ಅಂತ ಮುಖಪುಟದಲ್ಲಿ ಬರೆದು ಹೋಗಿ. ಓದುಗರು ಕಾಯುತ್ತಾರೆ. ಗಡಿಬಿಡಿಯಲ್ಲಿ ಜೊಳ್ಳು ತುಂಬುವುದಕ್ಕಿಂತ ಅದು ವಾಸಿ ಅಲ್ವಾ?

ಈರುಳ್ಳಿ ಹೊಲ, ಚಳ್ಳಕೆರೆ ಕಡೆ

ಮೇಷ್ಟ್ರೇ, ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ನನಗೆ ಬರೆಯಲು ಬಿಡುವು ಸಿಗುವುದು ಬಿತ್ತನೆ ಆಗಿ ಕಳೆ ತೆಗೆಸಿದ ಮೇಲೆ. ಆಗ ಒಂದೇ ಸಮ ಬರೆಯುತ್ತೇನೆ. ಎಲ್ಲವನ್ನೂ ಅವಾಗಲೇ ಹಾಕಿಬಿಟ್ಟರೆ ಓದುಗರಿಗೆ ಒಂದೇ ವಾರ ಐದು ಲೇಖನ, ಆಮೇಲೆ ಎರಡು ತಿಂಗಳು ಉಪವಾಸ. ಬರೆದದ್ದನ್ನು ಹಂಚಿ ಬಡಿಸುವುದಕ್ಕೆ ಶೆಡ್ಯೂಲ್ ಬೇಕು ಅಷ್ಟೇ. ಜೊಳ್ಳು ತುಂಬಲ್ಲ, ನೀವೇ ಓದಿ ಹೇಳಿ ಬೇಕಾದರೆ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಹಾಗಾದರೆ ಸರಿ. ಕಳಿಸಿ, ಕಾಗುಣಿತ ನೋಡಿಕೊಡುತ್ತೇನೆ.

ಒಂದು ಸೂಚನೆ. ದಿನಾಂಕ ಕೂಡಿ ಬರುವ ಲೇಖನಗಳನ್ನು ಬೇರೆ ಮಾಡಿಕೊಳ್ಳಿ. ಕೆಲವು ಪ್ರತಿ ವರ್ಷ ಅದೇ ದಿನ ಬರುತ್ತವೆ. ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಹುಟ್ಟಿದ ಕಥೆ ಹಾಕಬಹುದು, 1997ರ ಆ ದಿನವೇ ಅದು ನಮ್ಮ ಚಿತ್ರದುರ್ಗದಿಂದ ಬೇರೆಯಾಯಿತು. ನವೆಂಬರ್ 1 ರಾಜ್ಯೋತ್ಸವ. ನವೆಂಬರ್ 11 ಒನಕೆ ಓಬವ್ವ ಜಯಂತಿ. ಡಿಸೆಂಬರ್ 10 ನಿಜಲಿಂಗಪ್ಪನವರ ಜನ್ಮದಿನ, ಹುಟ್ಟಿದ್ದು 1902. ಇವಕ್ಕೆ ಕಣ್ಣು ಮುಚ್ಚಿ ದಿನಾಂಕ ಕೊಡಬಹುದು.

ಹಬ್ಬ, ಜಾತ್ರೆ ಹಾಗಲ್ಲ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೇ ಬಂತು. ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರು ಫಾಲ್ಗುಣದಲ್ಲಿ. ದಾವಣಗೆರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಇಲ್ಲದ ವರ್ಷ ‘ಬನ್ನಿ ಜಾತ್ರೆಗೆ’ ಅಂತ ಹಾಕಿದರೆ ದಾವಣಗೆರೆಯವರು ಬಿಡ್ತಾರಾ? ಪಂಚಾಂಗ ನೋಡಿ ದಿನಾಂಕ ಕೊಡಿ. ಹೋದ ವರ್ಷದ್ದನ್ನು ನಕಲು ಮಾಡಬೇಡಿ.

ಸೂಳೆಕೆರೆ ದಡ, ಚನ್ನಗಿರಿ

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಕ್ಯೂ ನಿಲ್ಲಿಸುವವರು ಯಾರು?

2021ರ ಅಕ್ಟೋಬರ್ 29 ನೆನಪಿದೆಯಲ್ಲ, ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ. ದೀಪಾವಳಿಗೆ ಇನ್ನೊಂದು ವಾರವಿತ್ತು. ಊರೂರೇ ಅಂಗಡಿ ಮುಚ್ಚಿ ಕೂತಿತ್ತು. ಅಂಥ ದಿನ ನಿಮ್ಮ ಕ್ಯೂನಿಂದ ‘ಈ ವಾರಾಂತ್ಯ ಮಜಾ ಮಾಡಲು ಐದು ಜಾಗ’ ಅಂತ ಒಂದು ಲೇಖನ ಹೊರಗೆ ಬಂತು ಅಂದುಕೊಳ್ಳಿ. ನೀವು ಲಾರಿಯಲ್ಲಿ, ಫೋನ್ ಚಾರ್ಜ್ ಇಲ್ಲ. ಸೈಟಿಗೆ ದುಃಖ ಗೊತ್ತಾ?

ನಂಬಿಕೆಯ ಒಬ್ಬರಿಗೆ ಇನ್ನೊಂದು ಲಾಗಿನ್ ಕೊಡಿ. ನಿಮ್ಮ ಪಾಸ್‌ವರ್ಡ್ ಬೇಡ, ಬೇರೆ ಬಳಕೆದಾರರಾಗಿ ಸೇರಿಸಿ. ವರ್ಡ್‌ಪ್ರೆಸ್‌ನಲ್ಲಿ ಎಡಿಟರ್ ದರ್ಜೆ ಇದಕ್ಕೆ ಸರಿ, ಬೇರೆಯವರ ಲೇಖನವನ್ನೂ ತೆರೆದು ಡ್ರಾಫ್ಟ್‌ಗೆ ಹಾಕಬಹುದು, ಆದರೆ ಸೈಟಿನ ಸೆಟ್ಟಿಂಗ್ಸ್, ಪ್ಲಗಿನ್ ಮುಟ್ಟಲು ಆಗಲ್ಲ. ಆಥರ್ ದರ್ಜೆಯವರಿಗೆ ತಮ್ಮದು ಮಾತ್ರ ಸಿಗುತ್ತೆ. ಮೊಬೈಲ್ ಆ್ಯಪ್‌ನಿಂದಲೇ ಮಾಡಬಹುದು. ಮೇಷ್ಟ್ರು ಕಾಗುಣಿತ ನೋಡ್ತೀನಿ ಅಂದಿದ್ದಾರಲ್ಲ, ಅವರಿಗೇ ಕೊಡಿ.

ಮತ್ತೆ, ಹೊರಡುವ ಮೊದಲು ಡೊಮೈನ್ (ಸೈಟಿನ ಹೆಸರು), ಹೋಸ್ಟಿಂಗ್ ಎರಡರ ಅವಧಿ ಯಾವಾಗ ಮುಗಿಯುತ್ತೆ ನೋಡಿ. ಅಕ್ಟೋಬರ್‌ನಲ್ಲಿ ಡೊಮೈನ್ ಮುಗಿದು ಹೋದರೆ ಯಾವ ಕ್ರಾನೂ ಕಾಪಾಡಲ್ಲ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಕೊಡಲಿ. ಮೊಮ್ಮಗಳು ಆ್ಯಪ್ ಹಾಕಿಕೊಡುತ್ತಾಳೆ.

ಮಂಡಕ್ಕಿ ಮಿರ್ಚಿ

ಲೇಖನ ತಾನಾಗಿ ಬಂತು. ಫೇಸ್‌ಬುಕ್ ಪೇಜಿಗೆ ಹಾಕುವವರು ಯಾರು?

ಪಿ.ಬಿ. ರೋಡ್, ದಾವಣಗೆರೆ

ಅದನ್ನೂ ಶೆಡ್ಯೂಲ್ ಮಾಡಬಹುದು, ಫೇಸ್‌ಬುಕ್‌ನವರದೇ ಆದ ಮೆಟಾ ಬಿಸಿನೆಸ್ ಸೂಟ್‌ನಲ್ಲಿ. ಆದರೆ ಎರಡಕ್ಕೂ ಒಂದೇ ಹೊತ್ತು ಕೊಡಬೇಡಿ. ಫೇಸ್‌ಬುಕ್‌ನಲ್ಲಿ ಲಿಂಕ್ 6ಕ್ಕೆ ಸರಿಯಾಗಿ ಬಂದು, ಲೇಖನ 6.10ಕ್ಕೆ ಬಂದರೆ ಆ ಹತ್ತು ನಿಮಿಷ ಒತ್ತಿದವರಿಗೆಲ್ಲ ‘ಪುಟ ಸಿಗಲಿಲ್ಲ’. ಲೇಖನ 6ಕ್ಕೆ, ಫೇಸ್‌ಬುಕ್ 7.30ಕ್ಕೆ, ಹಾಗೆ ಇಡಿ.

ಮುಂಚೆಯೇ ಲಿಂಕ್ ಕೊಡುವುದರಿಂದ ಲೇಖನದ ವಿಳಾಸ ಆಮೇಲೆ ಬದಲಾಗಬಾರದು. ಕನ್ನಡದ ಸೈಟುಗಳಿಗೆ ಇಲ್ಲೊಂದು ತೊಡಕಿದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸವೂ ಕನ್ನಡದಲ್ಲೇ ತಯಾರಾಗುತ್ತೆ. ಒಳಗೆ ಅದು ಶೇಕಡಾ ಚಿಹ್ನೆ ಸೇರಿದ ಸಂಕೇತಗಳಾಗಿ ಉಳಿಯುತ್ತೆ, ‘ಕ’ ಒಂದಕ್ಕೇ 9 ಅಕ್ಷರದ ಜಾಗ. ವಿಳಾಸಕ್ಕೆ ವರ್ಡ್‌ಪ್ರೆಸ್ ಕೊಡುವುದು 200. ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಎಣಿಸುವುದರಿಂದ ಉದ್ದ ಶೀರ್ಷಿಕೆಯ ವಿಳಾಸ ನಡುವೆ ಕತ್ತರಿಸಿ ಹೋಗುತ್ತೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅರ್ಧ ಪರದೆ ತುಂಬ ಶೇಕಡಾ ಚಿಹ್ನೆಗಳು. ಶೆಡ್ಯೂಲ್ ಮಾಡುವಾಗಲೇ ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಪದ ಕೊಟ್ಟುಬಿಡಿ.

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ತರುವವರು ಯೂನಿಕೋಡ್‌ನಲ್ಲೇ ಕೊಡಿ ಅಂತ ಹೇಳಿ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯ ಹಳೆ ಫಾಂಟಿನಲ್ಲಿ ಇದ್ದದ್ದನ್ನು ಹಾಗೇ ಅಂಟಿಸಿದರೆ ಸೈಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತೆ. ಶೆಡ್ಯೂಲ್ ಮಾಡಿದ್ದನ್ನು ಪ್ರಿವ್ಯೂ ಒತ್ತಿ ಮೊಬೈಲಿನಲ್ಲಿ ಒಮ್ಮೆ ನೋಡಿದರೆ ಇದೆಲ್ಲಾ ಸಿಕ್ಕಿಬೀಳುತ್ತೆ.

ಈರುಳ್ಳಿ ಹೊಲ, ಚಳ್ಳಕೆರೆ ಕಡೆ

ಎಲ್ಲರ ಮಾತು ಸೇರಿಸಿ ಹೀಗೆ ಅಂದುಕೊಂಡಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ಒಂದು ಲೇಖನ. ಮೊದಲು ಮೂರು ಶಾಸನಗಳು, ಆಮೇಲೆ ಚಂದ್ರವಳ್ಳಿ, ಹರಿಹರ, ಪುಷ್ಕರಣಿ, ಸೀರೆ, ಕಂಬಳಿ. ಓಬವ್ವನ ಲೇಖನ ನವೆಂಬರ್ 11ಕ್ಕೆ. ದಸರಾ ಬಗ್ಗೆ ಏನೂ ಇಲ್ಲ. ದಿನಾಂಕ ಕೊಡದ ಎರಡು ಲೇಖನ ಡ್ರಾಫ್ಟ್‌ನಲ್ಲಿ ಇರುತ್ತವೆ, ಯಾವುದಾದರೂ ತೆಗೆಯಬೇಕಾಗಿ ಬಂದರೆ ಮೇಷ್ಟ್ರು ಅದನ್ನು ಬಿಡುತ್ತಾರೆ. ಮಾರಿಕಣಿವೆಯನ್ನು ಮಾತ್ರ ಕ್ಯೂಗೆ ಹಾಕಲ್ಲ. ಮಳೆ ನೋಡಿಕೊಂಡು, ಕೊಯ್ಲು ಮುಗಿದ ಮೇಲೆ ಹೋಗಿ ಬಂದು ಬರೆಯುತ್ತೇನೆ.

ಹಿರಿಯೂರು ಹಾದಿ

ಬರುವಾಗ ಫೋನ್ ಮಾಡಿ. ಬ್ರಹ್ಮಗಿರಿ ಲೇಖನಕ್ಕೆ ದಾರಿ ಬರೆಯುವಾಗ ಕಿಲೋಮೀಟರ್ ಜೊತೆಗೆ ಮ್ಯಾಪಿನ ಲಿಂಕ್ ಇಡಿ. ಅಲ್ಲಿ ಕೇಳೋಣ ಅಂದರೆ ಎಷ್ಟೋ ಸಲ ಹಾದಿಯಲ್ಲಿ ಜನ ಸಿಗಲ್ಲ.

ರಾಗಿ ಮುದ್ದೆ

ಮಧ್ಯೆ ಬಾಯಿ ಹಾಕ್ತೀನಿ, ನನ್ನದು ಬ್ಲಾಗರ್‌ನಲ್ಲಿದೆ. ಈ ಕ್ರಾನ್ ಗೀನ್ ಎಲ್ಲಾ ನನಗೂ ಬೇಕಾ?

ಪಿ.ಬಿ. ರೋಡ್, ದಾವಣಗೆರೆ

ಬೇಡ. ಬ್ಲಾಗರ್ ಗೂಗಲ್‌ನದು, ಗಡಿಯಾರದ ಜವಾಬ್ದಾರಿ ಅವರದೇ. ಬರೆಯುವ ಪುಟದ ಬಲಗಡೆ ಪೋಸ್ಟ್ ಸೆಟ್ಟಿಂಗ್ಸ್‌ನಲ್ಲಿ ‘ಪಬ್ಲಿಷ್ಡ್ ಆನ್’ ತೆರೆದು ದಿನಾಂಕ, ಸಮಯ ಕೊಡಿ. ಆಮೇಲೆ ಪಬ್ಲಿಷ್ ಒತ್ತಿ. ಒತ್ತಿದ ತಕ್ಷಣ ಹೊರಗೆ ಬರಲ್ಲ, ಪಟ್ಟಿಯಲ್ಲಿ ಶೆಡ್ಯೂಲ್ಡ್ ಅಂತ ಕೂರುತ್ತೆ. ಸುಮ್ನೆ ಡ್ರಾಫ್ಟ್ ಆಗಿ ಬಿಟ್ಟರೆ ಎಷ್ಟು ದಿನ ಕಾದರೂ ಬರಲ್ಲ. ಟೈಮ್‌ಝೋನ್ ಸೆಟ್ಟಿಂಗ್ಸ್‌ನ ಫಾರ್ಮ್ಯಾಟಿಂಗ್ ಭಾಗದಲ್ಲಿದೆ, ಅದನ್ನು ಒಮ್ಮೆ ನೋಡಿಕೊಳ್ಳಿ.